ಒಂದೇ ಮುಂಜಾನೆ ಮೂರು ಕಡೆ ಓಡಿದ್ದು

ಯಾರೋ ನನಗೆ ಕಲ್ಲು ಹೊಡೆದರು ಎಂದೇ ನಾನು ನಂಬಿದ್ದೆ.

ಉಣಕಲ್ ಕೆರೆಯ ದಂಡೆ, ಭಾನುವಾರ ಬೆಳಗಿನ ಆರೂವರೆ. ನಾನು ಮುಂದೆ, ನನ್ನ ಮೂವರು ಓಟದ ಗೆಳೆಯರು ಹಿಂದೆ. ಅವರಿಗೆ ಒಂದು ಜೋಕು ಹೇಳುತ್ತಿದ್ದೆ. ಜೋಕು ಹೇಳುವಾಗ ಕೇಳುವವರ ಮುಖ ಕಾಣಬೇಕು ಎನ್ನುವುದು ನನ್ನ ಹಟ, ಹಾಗಾಗಿ ಹಿಮ್ಮುಖವಾಗಿ ಓಡುತ್ತಿದ್ದೆ. ಜೋಕು ಮುಗಿಯಿತು. ಯಾರೂ ನಗಲಿಲ್ಲ. ಆ ಅವಮಾನಕ್ಕೆ ಗಕ್ಕನೆ ಮುಂದಕ್ಕೆ ತಿರುಗಿ, ಇವರಿಂದ ದೂರ ಹೋಗಿಬಿಡಬೇಕೆಂದು ಜೋರಾಗಿ ಕಾಲೂರಿದೆ. ಎಡಗಾಲಿನ ಮೀನಖಂಡಕ್ಕೆ ಟಪ್ಪೆಂದು ಏನೋ ಬಡಿಯಿತು.

ಹೊರಳಿ ನೋಡಿದರೆ ಬೇಲಿಯ ಪಕ್ಕ ಒಬ್ಬ ಹಿರಿಯರು ಕಣ್ಣು ಮುಚ್ಚಿಕೊಂಡು ಚಪ್ಪಾಳೆ ಹೊಡೆಯುತ್ತ ನಿಂತಿದ್ದರು. ಬೆಳಿಗ್ಗೆ ಚಪ್ಪಾಳೆ ಹೊಡೆದರೆ ರಕ್ತ ಚೆನ್ನಾಗಿ ಓಡುತ್ತದೆ ಎಂದು ನಂಬಿದ ಒಂದು ಪಂಗಡ ಆ ಕೆರೆಯ ಸುತ್ತ ಇದೆ. ನಾನು ಒಂಟಿ ಕಾಲಲ್ಲಿ ಕುಂಟುತ್ತ ಅವರ ಮುಂದೆ ಹೋಗಿ ನಿಂತೆ.

"ಕಲ್ಲ್ ಯಾಕ ಹೊಡದ್ರಿ?"

ಅವರು ಕಣ್ಣು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎರಡೂ ಕೈ ಚಪ್ಪಾಳಿಗೆ ಹಚ್ಚೇನಿ ನೋಡಪಾ. ಕಲ್ಲ್ ಹೊಡ್ಯಾಕ ಮೂರನೇದ್ದ ಎಲ್ಲಿಂದ ತರ್ಲಿ?"

ಹಿಂದೆ ನನ್ನ ಗೆಳೆಯರು ಆಗ ನಕ್ಕರು. ನನ್ನ ಜೋಕಿಗೆ ನಗದವರು ಅವರ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಕೂತ ಮೇಲೆ ಎದ್ದೇಳಲು ಬರಲಿಲ್ಲ.

ನನಗೆ ನಲವತ್ತೊಂದು. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಇದು ನಡುವಯಸ್ಸು. ನಮ್ಮ ಓಟದ ಗುಂಪಿನಲ್ಲಿ ಮಾತ್ರ ನಾನೇ ಕೂಸು, ಎಲ್ಲರ ಬಾಯಲ್ಲೂ ತಮ್ಮ. ಎಲ್ಲರಿಗಿಂತ ಹಿರಿಯರು ದುರ್ಗದಬೈಲಿನಲ್ಲಿ ಸ್ಟೀಲು-ತಾಮ್ರದ ಪಾತ್ರೆ, ನಮ್ಮ ಕಡೆಯ ಮಾತಿನಲ್ಲಿ ಭಾಂಡೆ, ಮಾರುವವರು. ಐವತ್ತಾರು ವಯಸ್ಸು, ಹಂಡೆಯಂಥದೇ ಮೈಕಟ್ಟು. ನಮಗೆಲ್ಲ ಅಣ್ಣ. ಎರಡನೆಯವರು ತಾರಿಹಾಳದಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ಇಟ್ಟ ಭಾಯಿ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲಿ ಮುಟ್ಟಿ ಹೇಳುವ ಮನುಷ್ಯ. ಮೂರನೆಯವರು ಧಾರವಾಡದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುವ ಅಕ್ಕೋರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎನ್ನುತ್ತೇವೆ, ಇವರನ್ನು ಸಾಲಿಯ ಹೊರಗೂ ಹಾಗೆ ಕರೆಯದಿರಲು ಧೈರ್ಯ ಬರುವುದಿಲ್ಲ.

ಓಡುವಾಗ ಉಸಿರು ಕಟ್ಟುವಷ್ಟು ವೇಗ ಬೇಡ, ಮಾತಾಡಲು ಬರುವಷ್ಟೇ ಸಾಕು ಎನ್ನುವುದು ಗುಂಪಿನ ಕಾನೂನು. ಅದನ್ನು ಪರೀಕ್ಷಿಸಲು ಅಕ್ಕೋರು ಓಡುತ್ತಲೇ ಮಗ್ಗಿ ಕೇಳುತ್ತಾರೆ. ಯಾರಿಗೆ ಹದಿಮೂರರ ಮಗ್ಗಿ ಹೇಳುವಾಗ ಉಸಿರು ಸಿಕ್ಕಿಹಾಕಿಕೊಳ್ಳುತ್ತದೋ ಅವರಿಗಾಗಿ ಎಲ್ಲರೂ ನಿಧಾನಿಸಬೇಕು. ಅಣ್ಣನಿಗೆ ಈ ಪರೀಕ್ಷೆ ತಾಗುವುದಿಲ್ಲ, ತೂಕ ಹಾಕಿ ಹಾಕಿ ಅವರು ಮೂವತ್ತರ ತನಕ ಮಗ್ಗಿಯನ್ನು ಸಾಯುತ್ತಲೂ ಹೇಳಬಲ್ಲರು. ಭಾಯಿಗೆ ಹದಿಮೂರರದು ಕೂತಲ್ಲೇ ಬರುವುದಿಲ್ಲ, ಹಾಗಾಗಿ ಅವರಿಗೆ ಎರಡರ ಮಗ್ಗಿಯ ರಿಯಾಯಿತಿ. ನನಗೆ ಮಗ್ಗಿ ಕೇಳುವುದನ್ನೇ ಬಿಟ್ಟಿದ್ದರು. ನನ್ನ ಬಾಯಿ ನಿಂತ ದಾಖಲೆಯೇ ಇಲ್ಲ ಎಂದು ಕಾರಣ ಕೊಟ್ಟಿದ್ದರು.

ಅಣ್ಣ ಮತ್ತು ಭಾಯಿ ನನ್ನನ್ನು ಎರಡು ಬದಿಗೆ ಹಿಡಿದು, ಅಣ್ಣನ ಪಾತ್ರೆ ಸಾಗಿಸುವ ಟೆಂಪೋದಲ್ಲಿ ಎರಡು ಕೊಪ್ಪರಿಗೆಗಳ ನಡುವೆ ಕೂರಿಸಿ, ಫಿಜಿಯೋ ಕ್ಲಿನಿಕ್ಕಿಗೆ ಒಯ್ದರು; ಅಕ್ಕೋರು ತಮ್ಮ ಗಾಡಿಯಲ್ಲಿ ಹಿಂದೆಯೇ ಬಂದರು. ಫಿಜಿಯೋ ಎಂದರೆ ಇಪ್ಪತ್ತಾರರ ಹುಡುಗಿ. ಮೀನಖಂಡ ಒತ್ತಿ ನೋಡಿದಳು, ನಾನು ಕಿರುಚಿದ್ದನ್ನು ಕೇಳಿಸಿಕೊಳ್ಳದವಳಂತೆ ಬರೆದುಕೊಂಡಳು.

"ಸ್ನಾಯು ಹರದೈತ್ರಿ ಸರ್. ಪೂರಾ ಅಲ್ಲ, ಒಂದ್ ಭಾಗ. ಆರು ವಾರ ಓಡಂಗಿಲ್ಲ. ನಡುವ ಓಡಿ ಮತ್ತ ಹರಕೊಂಡ್ರ ಆಪರೇಷನ್ ತನಕ ಹೋಗಬಹುದು. ಆಮ್ಯಾಲ ಓಡ್ತೀರೋ ಇಲ್ಲೋ, ನನಗೂ ಹೇಳಾಕ ಬರಂಗಿಲ್ಲ."

"ಆರು ವಾರಾನೇ? ಮೂರಕ್ಕ ಮುಗಸಾಕ ಬರಂಗಿಲ್ಲೇನ್ರಿ ಡಾಕ್ಟ್ರೇ?"

"ನಾ ಭಾಂಡೆ ಅಂಗಡಿ ಇಟ್ಟಿಲ್ಲ್ರಿ ಸರ್, ಚೌಕಾಸಿ ಮಾಡಾಕ."

ಬಾಗಿಲಲ್ಲಿ ನಿಂತಿದ್ದ ಅಣ್ಣ ಕೆಮ್ಮಿದರು.

ನಾನು ಮನೆಗೆ ಬಂದ ಮೇಲೆ ಹೆಂಡತಿಗೆ ಹೇಳಿದ್ದು ಕಾಲಿನ ನೋವಿನ ಬಗ್ಗೆ. ಹೇಳದೇ ಇದ್ದದ್ದು ಬೇರೆ. ನಾನು ಫ್ಲೆಕ್ಸು, ಲಗ್ನಪತ್ರಿಕೆ ಮಾಡಿ ಪ್ರಿಂಟ್ ಹಾಕುವವನು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಮದುವೆ ಜೋಡಿಸುತ್ತೇನೆ. ಗಿರಾಕಿಗಳು ನನ್ನ ಹತ್ತಿರ ಆಡುವ ಮಾತು ಒಂದೇ: "ನಮ್ಮ ಮಾವನ ಫೋಟೋ ಇನ್ನೊಂಚೂರು ದೊಡ್ಡದ ಮಾಡ್ರಿ." ವಾರದಲ್ಲಿ ನನ್ನ ಮಾತನ್ನು ಮೂರು ಜನ ಒಂದೂವರೆ ತಾಸು ಕೇಳುವುದು ಭಾನುವಾರ ಮಾತ್ರ. ಅದೂ ಓಡಿಹೋಗಲು ಆಗದೆ, ಯಾಕೆಂದರೆ ಅವರು ಓಡುತ್ತಲೇ ಇರುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ. ಆರು ವಾರದಲ್ಲಿ ಇವರಿಗೆ ನಾನಿಲ್ಲದ ಓಟದ ರುಚಿ ಹತ್ತಿಬಿಟ್ಟರೆ? ಕಾಲು ಕೂಡಿಕೊಂಡ ಮೇಲೆ ಹೋಗಿ ನಿಂತಾಗ, ಅಯ್ಯೋ ಬಂದನಲ್ಲ ಎಂದು ಮೂರೂ ಮುಖ ಸಣ್ಣಗಾದರೆ? ನನ್ನ ಕಾಲಿಗಿಂತ ಆ ಮೂರು ಮುಖಗಳ ಮೇಲೆ ನನಗೆ ಹೆಚ್ಚು ಸಂಶಯವಿತ್ತು. ಲಗೂ ಮರಳಬೇಕಿತ್ತು.

ಅದಕ್ಕೇ ಓಡಲಾಗದಿದ್ದರೂ ಭಾನುವಾರ ತಪ್ಪಿಸಲಿಲ್ಲ. ಬೈರಿದೇವರಕೊಪ್ಪದ ನನ್ನ ಮನೆಯಿಂದ ಕೆರೆ ಹತ್ತಿರ, ರಿಕ್ಷಾದಲ್ಲಿ ಹೋಗಿ ಗೇಟಿನ ಚಹಾ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದೆ. ನನಗೊಂದು ಕೆಲಸವನ್ನೂ ಕೊಟ್ಟಿದ್ದರು. ಗಾಡಿ ಕೀಲಿ, ಮೊಬೈಲು, ಅಕ್ಕೋರ ಚಷ್ಮಾದ ಡಬ್ಬಿ, ಎಲ್ಲ ನನ್ನ ಮಡಿಲಲ್ಲಿ. ಓಡುವವರ ಕೊರಳಲ್ಲಿ ಪದಕ ಬೀಳುತ್ತದಂತೆ. ನನ್ನ ಕೊರಳಲ್ಲಿ ಮೂರು ಗಾಡಿಯ ಕೀಲಿ ಜೋತಾಡುತ್ತಿದ್ದವು.

ಎರಡನೇ ಭಾನುವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಮೂವರೂ ಓಟ ಮುಗಿಸಿ ಬರುವಾಗ ನಗುತ್ತ ಬರುತ್ತಿದ್ದರು. ಸಣ್ಣ ನಗೆಯಲ್ಲ, ಭಾಯಿ ನಡುನಡುವೆ ನಿಂತು ಮೊಳಕಾಲು ಹಿಡಿದುಕೊಂಡು ನಗುತ್ತಿದ್ದರು. ನನ್ನನ್ನು ಕಂಡೊಡನೆ ನಗೆ ನಿಂತಿತು, ಮಾತೂ ನಿಂತಿತು.

"ಏನ್ ನಡದಿತ್ರಿ?" ಎಂದೆ.

"ಏನಿಲ್ಲೋ ತಮ್ಮಾ. ಹಿಂಗ," ಎಂದರು ಅಣ್ಣ.

"ಹಿಂಗ ಅಂದ್ರ?"

"ಹಿಂಗ ಅಂದ್ರ ಹಿಂಗ. ಚಹಾ ಹೇಳು."

ನಾನಿಲ್ಲದೆ ನಗುತ್ತಿದ್ದಾರೆ. ಯಾರು ನಗಿಸಿದರು? ಅಕ್ಕೋರು ಜೋಕು ಹೇಳಿದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಅಣ್ಣ ಜೋಕು ಶುರುಮಾಡಿದರೆ ಅದರಲ್ಲಿ ಬರುವವರ ಊರು, ಸೋದರಮಾವ, ಮಾವನ ಅಂಗಡಿ ಎಲ್ಲ ಹೇಳುವಷ್ಟರಲ್ಲಿ ಕೆರೆ ಸುತ್ತಿ ಮುಗಿಯುತ್ತದೆ. ಹಾಗಾದರೆ ಭಾಯಿ. ಅವರ ಮೊಬೈಲು ನನ್ನ ಮಡಿಲಲ್ಲೇ ಇತ್ತು. ಮುಂದಿನ ಭಾನುವಾರ, ಅವರು ಅತ್ತ ಓಡಿದ ಕೂಡಲೇ, ಅದರಲ್ಲಿ ಜೋಕುಗಳ ದಾಸ್ತಾನು ಇರಬಹುದೆಂದು ಕೀಲಿ ತೆಗೆಯಲು ನೋಡಿದೆ. ಒಂದೆರಡುಮೂರುನಾಲ್ಕು ಒತ್ತಿದೆ. ನಾಲ್ಕುಮೂರೆರಡೊಂದು ಒತ್ತಿದೆ. ಐದಾರು ಸಲ ಆದ ಮೇಲೆ ಮೊಬೈಲು ತಾನೇ ಮುನಿಸಿಕೊಂಡು ಬಂದಾಯಿತು. ಓಟ ಮುಗಿಸಿ ಬಂದ ಭಾಯಿ ಕಾಲು ತಾಸು ಅದನ್ನು ತಿರುವಿ ಮುರುವಿ ನೋಡಿ, "ಇದಕ್ಕೇನ್ ಆತಲೇ?" ಎಂದರು. ನಾನು ಚಹಾದ ಲೋಟದೊಳಗೆ ಮುಖ ಹಾಕಿ, "ಬಿಸಲಿಗೆ ಹಂಗಾಗಿರಬೇಕ್ರಿ," ಎಂದೆ. ಅಂದು ಮೋಡ ಮುಚ್ಚಿತ್ತು.

ಅದೇ ವಾರ ನಾನು ಮೊದಲ ಕಳ್ಳತನ ಮಾಡಿದ್ದು. ಬೈರಿದೇವರಕೊಪ್ಪದ ನಿಲ್ದಾಣದಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ನಿಂತಿತ್ತು, ಬಾಗಿಲು ಮುಚ್ಚುವುದರಲ್ಲಿತ್ತು. ಕಾಲು ನನ್ನನ್ನು ಕೇಳದೇ ಓಡಿತು. ಮೂವತ್ತು ಹೆಜ್ಜೆ ಇರಬಹುದು. ನೋಯಲಿಲ್ಲ! ಬಸ್ಸಿನೊಳಗೆ ಕಂಬ ಹಿಡಿದುಕೊಂಡು ನಿಂತಾಗ ನನಗೆ ಇಡೀ ಹುಬ್ಬಳ್ಳಿ ಗೆದ್ದಷ್ಟು ಖುಷಿ. ಮೂವರಿಗೂ ಫೋನು ಮಾಡಿ ಹೇಳಿದೆ. ಮೂವತ್ತು ಹೆಜ್ಜೆಯನ್ನು ಮುನ್ನೂರು ಮೀಟರ್ ಎಂದು ಹೇಳಿದ್ದೂ ಹೌದು.

ಎರಡು ದಿನದ ನಂತರ ಕ್ಲಿನಿಕ್ಕಿಗೆ ಹೋದೆ. ಫಿಜಿಯೋ ತಲೆಯೆತ್ತದೆ ಕೇಳಿದಳು: "ಬಸ್ ಸಿಕ್ತೇನ್ರಿ ಸರ್?"

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೇಳಿದೆ: "ಯಾವ ಬಸ್ರಿ?"

"ಮುನ್ನೂರು ಮೀಟರ್ ಓಡಿ ಹಿಡದ ಬಸ್."

ಅಂದರೆ ನನ್ನ ಸುಳ್ಳಿನ ಲೆಕ್ಕವೂ ಸೇರಿ ಮುಟ್ಟಿತ್ತು. ಅವಳು ಒಂದು ವಾರ ಹೆಚ್ಚಿಸಿದಳು. ಆರಿದ್ದದ್ದು ಏಳಾಯಿತು.

ಒಮ್ಮೆ ಆದರೆ ಆಕಸ್ಮಿಕ ಎನ್ನಬಹುದು. ಮುಂದಿನ ವಾರ ಬೆಳಿಗ್ಗೆ ಮಾಳಿಗೆಯ ಮೇಲೆ, ಯಾರಿಗೂ ಕಾಣದಂತೆ, ನೀರಿನ ಟಾಕಿಯ ಸುತ್ತ ಮೆಲ್ಲಗೆ ಹತ್ತು ಸುತ್ತು ಓಡಿದೆ. ಗೆಳೆಯರ ಮುಂದೆ ಹೇಳದೆ ಇರಲಾಗಲಿಲ್ಲ, ಹೊಟ್ಟೆಯಲ್ಲಿ ಮಾತು ನಿಲ್ಲುವ ಜಾತಿಯವನಲ್ಲ ನಾನು. ಫಿಜಿಯೋ ಹತ್ತಿರ ಹೋದರೆ, "ಮಾಳಗಿ ಮ್ಯಾಲ ಗಾಳಿ ಹೆಂಗಿತ್ರಿ ಸರ್?" ಏಳಿದ್ದದ್ದು ಒಂಬತ್ತಾಯಿತು.

ಮನೆಗೆ ಬಂದವನು ಮೊದಲು ಹಿಡಿದದ್ದು ಹೆಂಡತಿಯನ್ನು. "ಖರೇ ಹೇಳು. ಆ ಫಿಜಿಯೋ ನಂಬರ್ ನಿನ್ನ ಹಂತ್ಯಾಕ ಐತೇನು?"

ಅವಳು ನನ್ನನ್ನು ಮಾಳಿಗೆಗೆ ಕರೆದೊಯ್ದಳು. ಟಾಕಿಯ ಬದಿಗೆ ಹಳೆಯ ಸೀರೆಯ ಮೇಲೆ ಸಂಡಿಗೆ ಒಣಹಾಕಿದ್ದಳು. ಸಾಲಾಗಿ ಹನ್ನೊಂದು ಸಂಡಿಗೆಯ ಮೇಲೆ ನನ್ನ ಬೂಟಿನ ಅಚ್ಚು ಚೊಕ್ಕಟವಾಗಿ ಮೂಡಿತ್ತು.

"ಇವನ್ನ ಕರದು ನಿಮಗ ಬಡಸ್ತೇನಿ. ಹನ್ನೊಂದೂ ನೀವ ತಿನ್ನಬೇಕ್ರಿ. ನಿಮ್ಮ ಸುದ್ದಿ ಹೇಳಾಕ ನನಗ ಇನ್ನೊಬ್ರ ನಂಬರ್ ಯಾಕ ಬೇಕು, ನಾನ ಸಾಕಿಲ್ಲೇನು ಬೈಯಾಕ?"

ಈ ಮಾತಿನಲ್ಲಿ ಸತ್ಯವಿತ್ತು. ಹೆಂಡತಿಯ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಉಳಿದವರು ಮೂವರು.

ಅಂದಿನಿಂದ ನನಗೆ ನಿದ್ದೆಯಲ್ಲೂ ಅನುಮಾನ. ಅಣ್ಣ ಯಾಕೆ ಈಚೆಗೆ, "ಹೆಂಗೈತಿ ಕಾಲು?" ಎಂದು ಮೊದಲು ಕೇಳುತ್ತಾರೆ, ಆಮೇಲೆ ಚಹಾ ಕೇಳುತ್ತಾರೆ? ಹಿಂದೆಲ್ಲ ಚಹಾ ಮೊದಲಿತ್ತು. ಅಕ್ಕೋರು ಯಾಕೆ ನನ್ನ ಬೂಟಿನ ಅಡಿಯನ್ನು ನೋಡುತ್ತಾರೆ? ಭಾಯಿ ಯಾಕೆ ನನ್ನ ಕಾಲನ್ನು, ಲೇತಿನಿಂದ ಇಳಿಸಿದ ಮಾಲು ನೋಡುವಂತೆ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ? ಯಾರೋ ಒಬ್ಬರು ನನ್ನ ಮರಳುವಿಕೆಯನ್ನು ಮುಂದೆ ಮುಂದೆ ತಳ್ಳುತ್ತಿದ್ದಾರೆ. ನಾನಿಲ್ಲದ ನಗು ಅವರಿಗೆ ಹಿಡಿಸಿದೆ. ಅವರನ್ನು ನೇರವಾಗಿ ಕೇಳಬಹುದಿತ್ತು. ಆದರೆ ನನ್ನಂಥ ಬುದ್ಧಿವಂತ ನೇರವಾಗಿ ಕೇಳುತ್ತಾನೆಯೇ? ಬಲೆ ಹೆಣೆದೆ.

ಬುಧವಾರ ಸಂಜೆ ಅಂಗಡಿಯಲ್ಲಿ ಕೂತು, ಕೆಟ್ಟುಹೋದ ಒಂದು ಲಗ್ನಪತ್ರಿಕೆಯ ಬೆನ್ನಿಗೆ ಮೂರು ಗೆರೆ ಎಳೆದು, ಮೂವರಿಗೂ ಬೇರೆ ಬೇರೆ ಫೋನು ಮಾಡಿದೆ. ಮೂವರಿಗೂ ಹೇಳಿದ್ದು ಒಂದೇ: ನಾಳೆ ಮುಂಜಾನೆ ಆರಕ್ಕೆ ಗುಟ್ಟಾಗಿ ಓಡುತ್ತೇನೆ, ಯಾರಿಗೂ ಹೇಳಬೇಡಿ. ಜಾಗ ಮಾತ್ರ ಬೇರೆ. ಅಣ್ಣನಿಗೆ ನೃಪತುಂಗ ಬೆಟ್ಟ, ಭಾಯಿಗೆ ತೋಳನಕೆರೆ, ಅಕ್ಕೋರಿಗೆ ಅವರ ಊರಿನದೇ ಸಾಧನಕೇರಿ. ಫಿಜಿಯೋ ಬಾಯಲ್ಲಿ ಯಾವ ಜಾಗ ಬರುತ್ತದೋ ಅವರೇ ಕಳ್ಳರು.

ಅಣ್ಣ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. "ಬೆಟ್ಟ ಏರ್ತೀಯೇನೋ? ಆ ಕಾಲಿಂದ?"

"ಹೂನ್ರಿ ಅಣ್ಣಾ. ಮ್ಯಾಲಿನ ತನಕ."

"ಹುಚ್ಚ ಅದೀಯಪಾ ನೀ," ಎಂದು ಇಟ್ಟರು. ಮೊದಲ ಗೆರೆಯ ಕೆಳಗೆ ಬರೆದೆ: ಸುಮ್ಮನಾದರು, ಸಂಶಯಾಸ್ಪದ.

ಭಾಯಿ, "ಹೋಗು. ಕಾಲ್ ನಿಂದು, ಮರ್ಜಿ ನಿಂದು. ನನಗ್ಯಾಕ ಹೇಳ್ತಿ?" ಎಂದರು. ಇಷ್ಟು ಸುಲಭಕ್ಕೆ ಒಪ್ಪಿದರೆ ಅದೂ ಸಂಶಯಾಸ್ಪದ.

ಅಕ್ಕೋರು ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟ ಗಂಟೇಕ್ಕ?"

"ಆರಕ್ರಿ."

"ಯಾವ ಗೇಟಿಂದ?"

ಗೇಟು ಯಾಕೆ ಬೇಕಿತ್ತು ಇವರಿಗೆ? ಮೂರನೇ ಗೆರೆಯ ಕೆಳಗೆ ಎರಡು ಸಲ ಬರೆದೆ.

ಗುರುವಾರ ಮುಂಜಾನೆ ನಾನು ಎಲ್ಲೂ ಓಡಲಿಲ್ಲ. ಎಂಟರ ತನಕ ಹೊದ್ದು ಮಲಗಿದೆ. ಎದ್ದು, ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ನನ್ನಷ್ಟು ಚಾಣಾಕ್ಷ ಇನ್ನೊಬ್ಬನಿಲ್ಲ ಎಂದು ಕನ್ನಡಿಯಲ್ಲಿ ನೋಡಿಕೊಂಡು ಹಲ್ಲುಜ್ಜಿದೆ.

ಸಂಜೆ ಕ್ಲಿನಿಕ್ಕು. ಮಂಚದ ಮೇಲೆ ಕೂತೆ. ಪಕ್ಕದ ಮಂಚಕ್ಕೆ ಹಸಿರು ಪರದೆ ಎಳೆದಿತ್ತು, ಅತ್ತ ಯಾರೋ ಇದ್ದರು. ಫಿಜಿಯೋ ಬಂದು ಕೈಕಟ್ಟಿ ನಿಂತಳು.

"ಸರ್, ನಿಮಗೊಂದ್ ಕೇಳ್ಲೇನ್ರಿ?"

"ಕೇಳ್ರಿ," ಎಂದೆ. ಈಗ ಬರುತ್ತದೆ ಹೆಸರು.

"ಇವತ್ತ ಮುಂಜಾನಿ ಆರಕ್ಕ ನೀವು ನೃಪತುಂಗ ಬೆಟ್ಟದಾಗ ಓಡಿದ್ರಿ. ಆರಕ್ಕ ತೋಳನಕೆರ್‍ಯಾಗೂ ಓಡಿದ್ರಿ. ಆರಕ್ಕ ಸಾಧನಕೇರ್‍ಯಾಗೂ ಓಡಿದ್ರಿ. ಒಂದ ಕಾಲ್ ಹರದಾಗ ಇಷ್ಟ್ ಓಡ್ತೀರಿ, ಎರಡೂ ಛಲೋ ಇದ್ದಾಗ ಎಲ್ಲಿ ತನಕ ಹೋಗ್ತಿದ್ರಿ ಸರ್?"

ಮೂರೂ ಜಾಗ! ಮೂವರೂ ಕಳ್ಳರು! ನಾನು ಇನ್ನೂ ಬಾಯಿ ಮುಚ್ಚಿರಲಿಲ್ಲ, ಅವಳು ಪರದೆ ಸರ್‍ರನೆ ಸರಿಸಿದಳು.

ಅಣ್ಣ ಮಲಗಿದ್ದರು. ಬಲಗಾಲಿನ ಹರಡು, ಅಂದರೆ ಪಾದದ ಗಂಟು, ಹಲಸಿನ ಹಣ್ಣಿನಂತೆ ಊದಿತ್ತು, ಅದರ ಮೇಲೆ ಮಂಜುಗಡ್ಡೆಯ ಚೀಲ.

"ಬಂದೇನಪಾ ತಮ್ಮಾ," ಎಂದರು. "ಬೆಟ್ಟ ಇಳದ ಬಂದಿ?"

ನನ್ನ ಬಾಯಿ ನಿಂತ ಮೊದಲ ದಾಖಲೆ ಅದು.

ನಡೆದದ್ದನ್ನು ಅಣ್ಣ ತಮ್ಮ ಜೋಕಿನಂತೆಯೇ ಎಲ್ಲ ವಿವರ ಸೇರಿಸಿ ನಿಧಾನ ಹೇಳಿದರು. ನನ್ನನ್ನು ತಡೆಯಬೇಕೆಂದು ಐದೂವರೆಗೇ ಬೆಟ್ಟಕ್ಕೆ ಹೋದರು. ಅರ್ಧ ಏರಿದಾಗ ಮುಂದೆ ಒಬ್ಬ ಓಡುತ್ತಿದ್ದ. "ನಿನ್ನಂಥದ ಹಳದಿ ಅಂಗಿ. ನಿನ್ನಂಥದ ನೆತ್ತಿ, ಕೂದಲಾ ಇಲ್ಲ. ನೀನ ಅಂತ ತಿಳಕೊಂಡೆ. 'ಲೇ ನಿಲ್ಲಲೇ, ಕಾಲ್ ಮುರೀತೇನಿ' ಅಂತ ಒದರಿದೆ. ಅಂವಾ ಹೊಳ್ಳಿ ನೋಡಿದಾ. ಕತ್ತಲಿ. ನನ್ನ ಈ ದೇಹ. ಅಂವಾ ಇನ್ನೂ ಜೋರ್ ಓಡಿದಾ. ನಾನೂ ಜೋರ್ ಓಡಿದೆ. ಇಂವಗ ಕಾಲ್ ಹರಕೊಳ್ಳೋ ಚಟಾ ಹತ್ತೇತಿ ಅಂತ ಸಿಟ್ಟ ಬಂತು. ಎಷ್ಟ್ ಓಡಿದ್ನೆಂದ್ರ, ಇಪ್ಪತ್ ವರ್ಷದಾಗ ಹಂಗ ಓಡಿಲ್ಲ. ತಿರುವಿನಾಗ ಒಂದ್ ತಗ್ಗು. ಅಲ್ಲಿ ಬಿದ್ದೆ."

"ಆಮ್ಯಾಲ?"

"ಆಮ್ಯಾಲ ಅಂವನ ಹೊಳ್ಳಿ ಬಂದು ಎಬ್ಬಿಸಿದ. ಬ್ಯಾಂಕಿನ್ಯಾಗ ಕೆಲಸಂತ. 'ನೀವು ನನ್ನ ಯಾಕ ಕೊಲ್ಲಾಕ ಬಂದಿದ್ರಿ' ಅಂತ ಕೇಳಿದ. ಪಾಪ, ತನ್ನ ಸ್ಕೂಟರ್ ಮ್ಯಾಲ ಮನಿಗೆ ಬಿಟ್ಟ."

ಅಷ್ಟರಲ್ಲಿ ಅಣ್ಣನನ್ನು ನೋಡಲು ಭಾಯಿ, ಅಕ್ಕೋರು ಬಂದರು. ಭಾಯಿ ತೋಳನಕೆರೆಯಲ್ಲಿ ಒಂದು ತಾಸು ನಿಂತು, ಕಂಡ ಬೋಳು ತಲೆಗಳನ್ನೆಲ್ಲ ಮುಂದೆ ಹೋಗಿ ಇಣುಕಿ ನೋಡಿ, ತಾರಿಹಾಳಕ್ಕೆ ತಡವಾಗಿ ಮುಟ್ಟಿದ್ದರು. ಅಕ್ಕೋರು ಸಾಧನಕೇರಿಯ ಗೇಟಿನಲ್ಲಿ ಕಾದು ಕಾದು, ನಾನು ಎಲ್ಲೋ ಬಿದ್ದಿರಬಹುದೆಂದು ಕೆರೆಯನ್ನು ನಾಲ್ಕು ಸುತ್ತು ಹಾಕಿದ್ದರು. ಅವರ ನೌಕರಿಯಲ್ಲಿ ಮೊದಲ ಸಲ ಸಾಲಿಯ ಪ್ರಾರ್ಥನೆ ತಪ್ಪಿತ್ತು.

ನಾನು ತಪ್ಪೊಪ್ಪಿಕೊಂಡೆ. ಬಲೆಯ ವಿಷಯ, ಎಂಟರ ತನಕ ಮಲಗಿದ್ದು ಎಲ್ಲ ಹೇಳಿದೆ, ಕನ್ನಡಿಯಲ್ಲಿ ನೋಡಿಕೊಂಡದ್ದೊಂದನ್ನು ಬಿಟ್ಟು. ಯಾರೂ ನಗಲಿಲ್ಲ. ಫಿಜಿಯೋ ಮೆಲ್ಲಗೆ ಹೇಳಿದಳು:

"ನಾನ ಅವರಿಗೆ ಹೇಳಿದ್ದರಿ. ಮೊದಲನೇ ದಿನ, ನೀವು ಹೊರಗ ರೊಕ್ಕ ಕೊಡಾಕ ಹೋದಾಗ. ಈ ಸರ್ ಕೇಳೋ ಪೈಕಿ ಕಾಣಂಗಿಲ್ಲ, ಓಡಿದ್ರ ನನಗ ತಿಳಸ್ರಿ ಅಂತ ಮೂವರಿಗೂ ನಂಬರ್ ಕೊಟ್ಟಿದ್ದೆ."

"ಮತ್ತ ಕೆರಿ ಹಂತ್ಯಾಕ ನಗ್ತಿದ್ರಲ್ಲ," ಎಂದೆ ಭಾಯಿಗೆ. ಅಷ್ಟಾದರೂ ನನ್ನ ಅನುಮಾನಕ್ಕೆ ಆಧಾರ ಇರಲಿ ಎನ್ನುವ ಆಸೆ. "ನಾ ಬಂದ ಕೂಡ್ಲೇ ಸುಮ್ಮನಾಗ್ತಿದ್ರಿ. ಯಾರ ಜೋಕ್ ಅದು?"

ಭಾಯಿ ನನ್ನನ್ನು ಒಂದು ಕಣ್ಣು ಮುಚ್ಚಿ ನೋಡಿದರು. "ನಿಂದಲೇ. ಅದ, ಚಪ್ಪಾಳಿ ಅಜ್ಜಾರಿಗೆ ಕಲ್ಲ್ ಯಾಕ ಹೊಡದ್ರಿ ಅಂತ ಕೇಳಿದ್ದು. ವಾರಾ ವಾರಾ ಅದನ್ನ ಹೇಳಕೊಂಡ ಓಡ್ತೇವಿ. ಬ್ಯಾರೆ ಏನೈತಿ ನಮ್ಮ ಹಂತ್ಯಾಕ?" ಆಮೇಲೆ ದನಿ ಏರಿಸಿದರು. "ನನ್ನ ಫೋನ್ ಲಾಕ್ ಮಾಡಿದ್ದೂ ನೀನ ಹೌದಿಲ್ಲ? ಬಿಸಲಂತ, ಬಿಸಲು!"

ಅಕ್ಕೋರು ಅಣ್ಣನ ಪಕ್ಕ ಬಿಸ್ಕೀಟಿನ ಪುಡಿಕೆ ಇಟ್ಟು, ನನ್ನ ಕಡೆ ನೋಡದೆ ಹೊರಟುಹೋದರು. ಮೂವತ್ತು ವರ್ಷ ಹಿಂದಿನ ನನ್ನ ಸಾಲಿಯ ದಿನಗಳಲ್ಲೂ ಅಂಥ ಶಿಕ್ಷೆ ತಿಂದಿರಲಿಲ್ಲ.

ಆ ಭಾನುವಾರ ಕೆರೆಗೆ ಹೋದೆ. ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಚಹಾ ಅಂಗಡಿಯವನು, "ನಿಮ್ಮವ್ರು ಎಲ್ರಿ?" ಎಂದು ಕೇಳಿದ. ಇನ್ನೊಂದು ಚಹಾ ಹೇಳಿದೆ. ಯಾವುದು ಆಗದಿರಲೆಂದು ಇಷ್ಟೆಲ್ಲ ಮಾಡಿದೆನೋ ಅದನ್ನು ನನ್ನ ಕೈಯಾರೆ ಮಾಡಿ ಮುಗಿಸಿದ್ದೆ. ಕಾಲು ಕೂಡಿಕೊಂಡು ಏನು ಮಾಡುವುದಿತ್ತು? ಒಬ್ಬನೇ ಓಡುತ್ತ ಯಾರಿಗೆ ಹೇಳುವುದು?

ಸೋಮವಾರ ದುರ್ಗದಬೈಲಿಗೆ ಹೋದೆ. ಅಣ್ಣ ಅಂಗಡಿಯಲ್ಲಿ ಬೋರಲು ಹಾಕಿದ ಹಂಡೆಯ ಮೇಲೆ ಕಾಲು ಚಾಚಿ ಕೂತಿದ್ದರು. ಗಿರಾಕಿಯೊಬ್ಬಳಿಗೆ ಕುಕ್ಕರಿನ ಮುಚ್ಚಳ ತೋರಿಸಿ ಕಳಿಸುವ ತನಕ ನಾನು ತಂಬಿಗೆಗಳ ಸಾಲಿನ ಪಕ್ಕ ಇನ್ನೊಂದು ತಂಬಿಗೆಯಂತೆ ನಿಂತಿದ್ದೆ.

"ಅಣ್ಣಾ, ತಪ್ಪಾತ್ರಿ," ಎಂದೆ.

"ಆತು."

"ನೀವು ಬೆಟ್ಟಕ್ಕ ಹೋಗ್ತೀರಂತ ನನಗ ಗೊತ್ತಿದ್ದಿಲ್ರಿ. ಫೋನ್ ಮಾಡ್ತೀರಿ, ಇಷ್ಟ ಅಂತ ತಿಳಕೊಂಡಿದ್ದೆ."

ಅವರು ಬಟ್ಟೆ ತಗೊಂಡು ಒಂದು ಲೋಟ ಒರೆಸುತ್ತ ಹೇಳಿದರು. "ನೀ ನನ್ನ ಕೇಳಬೇಕಾಗಿತ್ತು. 'ಅಣ್ಣಾ, ನೀವ ಹೇಳಿದ್ರೇನು' ಅಂತ. ನಾ ಹೌದಂತಿದ್ದೆ. ಮುಗೀತಿತ್ತು."

ನಾನು ಸಾಲಿನ ತಂಬಿಗೆಯೊಂದನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟೆ.

"ಸುಮ್ಮನ ನಿಂದ್ರಬ್ಯಾಡ," ಎಂದರು. "ಆ ಹುಡುಗಿ ನಿನಗ ಹಿಮ್ಮಡ ಎತ್ತೋದ್ ಹೇಳ್ಯಾಳಲ್ಲ, ಮಾಡಾಕತ್ತೀಯೇನು?"

"ಮಾಡಾಕತ್ತೇನ್ರಿ."

"ಸುಳ್ಳ."

ಸುಳ್ಳೇ ಆಗಿತ್ತು. ವಾರವಾಗಿತ್ತು ಬಿಟ್ಟು.

"ನನಗೂ ಹೇಳ್ಯಾಳ, ಹರಡಿಂದು. ದಿನಾ ಮಧ್ಯಾಹ್ನ ಇಲ್ಲಿ ಬಾ. ನನ್ನ ಕಣ್ಣಮುಂದ ಮಾಡು. ನೀ ಹೇಳಿದ್ದನ್ನ ಇನ್ನ ಯಾರೂ ನಂಬಂಗಿಲ್ಲ, ನೋಡಿದ್ರ ಅಷ್ಟ ನಂಬ್ತೇವಿ."

ದಿನಾ ಹೋದೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಬಾಗಿಲ ಚೌಕಟ್ಟು ಹಿಡಿದು, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು, ಇಳಿಸುವುದು. ಒಳಗೆ ಅಣ್ಣ ಪಾದವನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸುತ್ತಿದ್ದರು. ದುರ್ಗದಬೈಲಿನ ಗದ್ದಲದಲ್ಲಿ ಹೋಗಿಬರುವವರು ನಿಂತು ನೋಡುತ್ತಿದ್ದರು. ಒಬ್ಬ ಅಜ್ಜಿ ನನ್ನನ್ನು ಅನುಮಾನಿಸಿ, "ಇಂವಾ ಯಾಕ ಇಣಕಿ ಇಣಕಿ ನೋಡಾಕತ್ತಾನ್ರಿ ಒಳಗ? ಭಾಂಡೆ ಮ್ಯಾಲ ಕಣ್ಣೈತೇನು?" ಎಂದಳು. ಅಣ್ಣ, "ಇರಬಹುದಬೇ, ಅಂವನ ನಂಬಾಕ ಬರಂಗಿಲ್ಲ," ಎಂದು ಗಂಭೀರವಾಗಿ ಹೇಳಿದರು. ಎರಡನೇ ವಾರ ಭಾಯಿ ಬೇರಿಂಗು ತರಲು ಬಂದವರು ಒಳಗೆ ಹಣಿಕಿದರು. ನನ್ನ ಎರಡೂ ಮೀನಖಂಡಗಳನ್ನು ತಮ್ಮ ಕೈಯಿಂದ ಅಳೆದು, "ಎಡಾ ಇನ್ನೂ ಸಣ್ಣ ಐತಿ. ಹತ್ತ್ ಜಾಸ್ತಿ ಮಾಡು," ಎಂದು ಹೋದರು. ಅಕ್ಕೋರು ಬರಲಿಲ್ಲ. ಆದರೆ ದಿನಾ ಸಂಜೆ ಅಣ್ಣನ ಮೊಬೈಲಿಗೆ ಅವರಿಂದ ಒಂದು ಸಂದೇಶ ಬರುತ್ತಿತ್ತು: ಎಷ್ಟು? ಅಣ್ಣ ಸಂಖ್ಯೆಯಷ್ಟನ್ನೇ ಬರೆದು ಕಳಿಸುತ್ತಿದ್ದರು.

ಹೀಗೆ ಒಂಬತ್ತು ವಾರವಾಯಿತು. ಫಿಜಿಯೋ ಒಂದು ಶನಿವಾರ ನನ್ನನ್ನು ಒಂಟಿ ಕಾಲಲ್ಲಿ ಕುಣಿಸಿ, ಒತ್ತಿ, ಜಗ್ಗಿ ನೋಡಿ, "ನಾಳಿಂದ ಒಂದ್ ನಿಮಿಷ ಓಡ್ರಿ," ಎಂದಳು. "ಒಂದ. ಆಮ್ಯಾಲ ನಡೀರಿ."

ಅಣ್ಣ ಬಾ ಎಂದಿದ್ದರು, ಭಾನುವಾರ ಕೆರೆಗೆ ಹೋದರೆ ಮೂವರೂ ನಿಂತಿದ್ದರು. ಅಣ್ಣನ ಹರಡಿಗೆ ಪಟ್ಟಿ. ಅಕ್ಕೋರು ನನ್ನ ಕಡೆ ನೋಡಿದರು, ಅಷ್ಟೇ. ನಾನು ಖುಷಿಗೆ, "ಓಡಾಕ ಪರವಾನಿಗಿ ಸಿಕ್ತು!" ಎಂದು ಕೂಗಿದೆ.

ಯಾರೂ ಅಲುಗಾಡಲಿಲ್ಲ.

"ಯಾರ್ ಕೊಟ್ರು?" ಎಂದರು ಭಾಯಿ.

"ಡಾಕ್ಟ್ರು. ಖರೇನ್ರಿ."

"ಖರೇನಂತ," ಎಂದು ಅಕ್ಕೋರು ಮೊಬೈಲು ತೆಗೆದು ಸ್ಪೀಕರಿಗೆ ಹಾಕಿ ಫಿಜಿಯೋಗೆ ಫೋನು ಹಚ್ಚಿದರು. ನಿದ್ದೆಗಣ್ಣಿನ ದನಿ ಕೇಳಿಸಿತು: "ಹೌದ್ರಿ ಅಕ್ಕೋರ, ಹೇಳೇನ್ರಿ. ಒಂದ ನಿಮಿಷ. ಎರಡಂದ್ರ ನಂಬಬ್ಯಾಡ್ರಿ."

ಆಗ ಅಕ್ಕೋರು ಗಡಿಯಾರ ಕಟ್ಟಿದ ಕೈ ಎತ್ತಿದರು. ಭಾಯಿ ನನ್ನ ಎಡಕ್ಕೆ, ಅವರು ಬಲಕ್ಕೆ. ಅಣ್ಣ ಓಡುವ ಹಾಗಿರಲಿಲ್ಲ, ಹಿಂದಿನಿಂದ, "ಮೆಲ್ಲಕ, ಮೆಲ್ಲಕ ಲೇ!" ಎಂದು ಕೂಗುತ್ತ ಕುಂಟಿ ಬರುತ್ತಿದ್ದರು. ನಾನು ಓಡಿದೆ. ಅದಕ್ಕೆ ಓಟ ಎನ್ನಬಹುದೋ ಇಲ್ಲವೋ, ನಡೆಯುವ ಇಬ್ಬರು ಅಜ್ಜಂದಿರು ನಮ್ಮನ್ನು ದಾಟಿ ಹೋದರು. ಮೀನಖಂಡದೊಳಗೆ ಕಿವಿಯಿಟ್ಟು ಓಡುತ್ತಿದ್ದೆ. ಈಗ ಟಪ್ಪೆನ್ನುತ್ತದೆ, ಈಗ ಎನ್ನುತ್ತದೆ ಎಂದು ಒಂದೊಂದು ಹೆಜ್ಜೆಯನ್ನೂ ಸಂಶಯದಿಂದ ಊರುತ್ತಿದ್ದೆ. ಅನ್ನಲಿಲ್ಲ. ಗಾಳಿ ಹತ್ತಿತು, ಉಸಿರು ಹತ್ತಿತು, ಬಾಯಲ್ಲಿ ಮಾತು ಬಂತು.

"ಒಂದ್ ಊರಾಗ ಒಬ್ಬ..." ಎಂದು ಶುರುಮಾಡಿದೆ.

"ಮುಗೀತು. ನಿಲ್ಲು," ಎಂದರು ಅಕ್ಕೋರು.

ನಿಂತೆ. ಜೋಕು ಬಾಯಲ್ಲೇ ಉಳಿಯಿತು. ಭಾಯಿ ಎತ್ತಲೋ ನೋಡುತ್ತ ಮೀಸೆಯೊಳಗೆ ನಗುತ್ತಿದ್ದರು.

ಗಡಿಯಾರ ತೋರಿಸಿ ಎಂದು ಕೇಳಿದೆ. ಅಕ್ಕೋರು ಅಷ್ಟರಲ್ಲಿ ತೋಳು ಇಳಿಬಿಟ್ಟು ಮುಂದೆ ನಡೆದಿದ್ದರು. ಅದು ಐವತ್ತು ಸೆಕೆಂಡಿಗಿಂತ ಒಂದು ಕ್ಷಣವೂ ಹೆಚ್ಚಿರಲಿಲ್ಲ ಎಂದು ನನಗೆ ಇವತ್ತಿಗೂ ಅನುಮಾನವಿದೆ.